ಕರಾವಳಿಯಿಂದ ದರಿಯಾ ದೌಲತ್‌ಗೆ: ಅರಮನೆಯನ್ನೂ ತೋಟವನ್ನೂ ನೋಡುವ ಕ್ರಮ

ಮಂಗಳೂರು ಅಥವಾ ಉಡುಪಿಯಿಂದ ಮೈಸೂರಿಗೆ ಪ್ರವಾಸ ಹೊರಡುವ ಹೆಚ್ಚಿನ ಕುಟುಂಬಗಳ ಪಟ್ಟಿಯಲ್ಲಿ ಅಂಬಾವಿಲಾಸ ಅರಮನೆ, ಚಾಮುಂಡಿಬೆಟ್ಟ, ಮೃಗಾಲಯ, ಬೃಂದಾವನ ಇವೆಲ್ಲ ಮೊದಲೇ ಜಾಗ ಹಿಡಿದಿರುತ್ತವೆ. ಶ್ರೀರಂಗಪಟ್ಟಣಕ್ಕೆ ಉಳಿಯುವುದು ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಮಾತ್ರ. ಆ ಅವಸರದಲ್ಲಿ ರಂಗನಾಥಸ್ವಾಮಿಯ ದರ್ಶನ ಮುಗಿಸಿ, ಟಿಪ್ಪು ಸುಲ್ತಾನನ ಬೇಸಗೆಯ ಅರಮನೆಯಾದ ದರಿಯಾ ದೌಲತ್ ಬಾಗಿನ ಹುಲ್ಲುಹಾಸಿನ ಅಂಚಿನಲ್ಲಿ ನಿಂತು ಒಂದು ಫೋಟೊ ತೆಗೆಸಿಕೊಂಡು ಬಸ್ಸು ಹತ್ತಿದವರು ಅರಮನೆಗೆ ಹೋಗಿ ಬಂದಿರುತ್ತಾರೆಯೇ ಹೊರತು ಅದನ್ನು ನೋಡಿರುವುದಿಲ್ಲ. ಏಕೆಂದರೆ ಈ ಅರಮನೆಯಲ್ಲಿ ನೋಡಬೇಕಾದದ್ದು ಸಿಂಹಾಸನವಲ್ಲ, ಗೋಪುರವಲ್ಲ, ಗೋಡೆ. ಗೋಡೆಯನ್ನು ನೋಡುವುದಕ್ಕೆ ಹೊತ್ತು ಬೇಕು, ಬೆಳಕು ಬೇಕು, ಸ್ವಲ್ಪ ಪೂರ್ವಸಿದ್ಧತೆಯೂ ಬೇಕು. ಕರಾವಳಿಯಿಂದ ಹೊರಡುವವರು ಈ ಮೂರನ್ನೂ ಹೇಗೆ ಹೊಂದಿಸಿಕೊಳ್ಳಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹೊರಡುವ ಮೊದಲು ಮಂಗಳೂರಿನಲ್ಲಿಯೇ ಮಾಡಬೇಕಾದದ್ದು

ದರಿಯಾ ದೌಲತ್‌ನ ಕಾಲ 1784. ಟಿಪ್ಪು ಸುಲ್ತಾನನು ಬೇಸಗೆಯ ವಾಸಕ್ಕೆಂದು, ಕೋಟೆಯ ಹೊರಗೆ, ಕಾವೇರಿಯ ದಂಡೆಗೆ ಹತ್ತಿರದಲ್ಲಿ ತೋಟದ ನಡುವೆ ಇದನ್ನು ಕಟ್ಟಿಸಿದನು. ಮಂಗಳೂರಿನವರಿಗೆ ಆ ಇಸವಿ ಬೇರೆ ಎರಡು ಕಾರಣಗಳಿಂದಲೂ ಪರಿಚಿತವಾಗಿರಬೇಕು. ಬೋಳೂರಿನ ಸುಲ್ತಾನ್ ಬತ್ತೇರಿ ಅದೇ ವರ್ಷದ್ದು. ಗುರುಪುರ ನದಿಯೊಳಗೆ ಯುದ್ಧದ ಹಡಗುಗಳು ನುಗ್ಗದಂತೆ ಕಾಯಲು ಎತ್ತಿದ ಕರಿಕಲ್ಲಿನ ಕಾವಲು ಬುರುಜು ಅದು. ಎರಡನೆಯದು, ಎರಡನೆಯ ಆಂಗ್ಲ–ಮೈಸೂರು ಯುದ್ಧವನ್ನು ಕೊನೆಗೊಳಿಸಿದ ಮಂಗಳೂರು ಒಪ್ಪಂದ. ಅದಕ್ಕೆ ಸಹಿ ಬಿದ್ದದ್ದು 1784ರ ಮಾರ್ಚ್ 11ರಂದು, ನಮ್ಮ ಊರಿನಲ್ಲಿಯೇ. ಅದಕ್ಕೆ ಮೊದಲು, 1783ರ ಮೇ ತಿಂಗಳಿಂದ ಮುಂದಿನ ಜನವರಿಯ ಕೊನೆಯವರೆಗೆ, ಕರ್ನಲ್ ಕ್ಯಾಂಪ್‌ಬೆಲ್‌ನ ವಶದಲ್ಲಿದ್ದ ಮಂಗಳೂರು ಕೋಟೆಗೆ ಟಿಪ್ಪುವಿನ ಸೈನ್ಯ ಮುತ್ತಿಗೆ ಹಾಕಿ ಕುಳಿತಿತ್ತು. ಆ ಕೋಟೆ ಈಗಿಲ್ಲ, ಬತ್ತೇರಿ ಇದೆ.

ಆದುದರಿಂದ ಪ್ರವಾಸಕ್ಕೆ ಮುಂಚಿನ ಯಾವುದಾದರೂ ಒಂದು ಸಂಜೆ, ತಣ್ಣೀರುಬಾವಿಗೆ ಹೋಗುವ ದೋಣಿ ಹಿಡಿಯಲು ಹೇಗೂ ಬೋಳೂರಿಗೆ ಹೋಗುವವರು ಬತ್ತೇರಿಯ ಮೆಟ್ಟಿಲು ಹತ್ತಿ, ಅದರ ಗೋಡೆಯಲ್ಲಿ ಬಂದೂಕಿಗಾಗಿ ಬಿಟ್ಟಿರುವ ಕಂಡಿಗಳಲ್ಲಿ ಒಮ್ಮೆ ಇಣುಕಿ ನೋಡಿ ಬರುವುದು ಒಳ್ಳೆಯದು. ಒಂದೇ ಕಾಲದಲ್ಲಿ, ಒಬ್ಬನೇ ಅರಸನು ಒಂದು ಕಡೆ ಇಂತಹ ಒರಟು ಕಲ್ಲಿನ ಬುರುಜನ್ನೂ ಇನ್ನೊಂದು ಕಡೆ ಹೂಬಳ್ಳಿಗಳ ಚಿತ್ರ ತುಂಬಿದ ಮರದ ಅರಮನೆಯನ್ನೂ ಕಟ್ಟಿಸಿದನೆಂಬುದು ಆಗ ಬರಿಯ ಇಸವಿಯಾಗಿ ಉಳಿಯುವುದಿಲ್ಲ. ಮಕ್ಕಳನ್ನು ಕರೆದೊಯ್ಯುವವರಿಗಂತೂ ಇದಕ್ಕಿಂತ ಒಳ್ಳೆಯ ಪೀಠಿಕೆ ಇಲ್ಲ.

ಇದೇ ಇಸವಿಗೆ ಇನ್ನೊಂದು ಮುಖವಿದೆ. ಅದನ್ನು ಬಿಟ್ಟು ಮಾತಾಡುವುದು ಕರಾವಳಿಯವರಿಗೆ ಶೋಭಿಸದು. 1784ರ ಆರಂಭದಲ್ಲಿಯೇ ಕೆನರಾ ಸೀಮೆಯ ಕ್ರೈಸ್ತರನ್ನು, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಹಿಡಿಸಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋಗಲಾಯಿತು. ಸೆರೆಯಾದವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲವಾದರೂ ಅದು ಸಾವಿರಗಳ ಲೆಕ್ಕದ್ದೆಂಬುದರಲ್ಲಿ ಸಂಶಯವಿಲ್ಲ. ಬದುಕುಳಿದವರಲ್ಲಿ ಅನೇಕರು ಮರಳಿ ಊರು ಸೇರಿದ್ದು 1799ರಲ್ಲಿ ಟಿಪ್ಪು ಸತ್ತ ನಂತರ. ಮಂಗಳೂರಿನ ಎಷ್ಟೋ ಮನೆಗಳಲ್ಲಿ ಶ್ರೀರಂಗಪಟ್ಟಣವೆಂಬ ಹೆಸರು ಇಂದಿಗೂ ಈ ಸೆರೆಯ ನೆನಪಿನೊಂದಿಗೇ ಬರುತ್ತದೆ. ಅರಮನೆಯ ಬಣ್ಣಗಳನ್ನು ಮೆಚ್ಚುವುದಕ್ಕೆ ಇದನ್ನು ಮರೆಯಬೇಕಾಗಿಲ್ಲ, ಇದನ್ನು ನೆನೆಯುವುದಕ್ಕೆ ಬಣ್ಣಗಳನ್ನು ಅಲ್ಲಗಳೆಯಬೇಕಾಗಿಯೂ ಇಲ್ಲ. ಟಿಪ್ಪುವಿನ ವಿಷಯದಲ್ಲಿ ಚರ್ಚೆ ಮಾಡುವ ಉತ್ಸಾಹವುಳ್ಳವರು ತಂಡದಲ್ಲಿದ್ದರೆ ಅದನ್ನು ಸಂಪಾಜೆ ಘಾಟಿಯಲ್ಲಿಯೇ ಮುಗಿಸಿಬಿಡುವುದು ಕ್ಷೇಮ. ಗೋಡೆಯ ಮುಂದೆ ನಿಂತಾಗ ಕಣ್ಣಿಗೆ ಕೆಲಸ ಕೊಡಬೇಕು.

ದಾರಿ, ಋತು, ದಿನ

ಬಂಟ್ವಾಳದಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 275 ಮಾಣಿ, ಪುತ್ತೂರು, ಸುಳ್ಯ, ಸಂಪಾಜೆ, ಮಡಿಕೇರಿ, ಕುಶಾಲನಗರ, ಹುಣಸೂರು ದಾಟಿ ಮೈಸೂರನ್ನು ಸೇರುತ್ತದೆ. ಅಲ್ಲಿಂದ ಬೆಂಗಳೂರಿನ ಕಡೆಗೆ ಹೊರಟು ಸುಮಾರು 15 ಕಿ.ಮೀ. ಸಾಗಿದರೆ ಶ್ರೀರಂಗಪಟ್ಟಣ. ಮಂಗಳೂರಿನಿಂದ ಮೈಸೂರಿಗೆ ಸುಮಾರು 250 ಕಿ.ಮೀ. ದೂರವಿದ್ದರೂ ಘಾಟಿಯ ದಾರಿಯಾದ್ದರಿಂದ ಬಸ್ಸಿನಲ್ಲಿ ಆರೇಳು ಗಂಟೆ ಹಿಡಿಯುತ್ತದೆ. ಉಡುಪಿಯವರು ಇದಕ್ಕೆ ಇನ್ನೂ ಒಂದೂವರೆ ಗಂಟೆ ಸೇರಿಸಿಕೊಳ್ಳಬೇಕು. ಬಿಜೈಯ ಕೆಎಸ್‌ಆರ್‌ಟಿಸಿ ನಿಲ್ದಾಣದಿಂದ ಹಗಲಿನಲ್ಲಿಯೂ ರಾತ್ರಿಯಲ್ಲಿಯೂ ಮೈಸೂರಿಗೆ ಬಸ್ಸುಗಳಿವೆ. ರೈಲಿನಲ್ಲಿ ಹೋಗಬಯಸುವವರಿಗೆ ಉಡುಪಿ ಮತ್ತು ಮಂಗಳೂರು ಸೆಂಟ್ರಲ್ ಮಾರ್ಗವಾಗಿ ಹಾಸನ, ಮೈಸೂರಿನ ಮೇಲೆ ಬೆಂಗಳೂರಿಗೆ ಹೋಗುವ ಮುರ್ಡೇಶ್ವರದ ರಾತ್ರಿ ರೈಲು ಅನುಕೂಲವಾದದ್ದು. ಸಮಯಪಟ್ಟಿ ಆಗಾಗ ಬದಲಾಗುವುದರಿಂದ ಟಿಕೆಟ್ ಮಾಡುವಾಗಲೇ ಮೈಸೂರು ತಲುಪುವ ಹೊತ್ತನ್ನು ನೋಡಿಕೊಳ್ಳಬೇಕು.

ಮಳೆಗಾಲದಲ್ಲಿ ಹೋಗುವುದನ್ನು ತಪ್ಪಿಸುವುದೇ ಲೇಸು. ಶ್ರೀರಂಗಪಟ್ಟಣದಲ್ಲಿ ನಮ್ಮಲ್ಲಿಯಂತೆ ಮಳೆ ಹೊಡೆಯುವುದಿಲ್ಲ, ಆದರೆ ಅಲ್ಲಿಗೆ ಹೋಗುವ ದಾರಿಯಲ್ಲಿ ಹೊಡೆಯುತ್ತದೆ. ಆಗಸ್ಟ್ 2018ರ ಭೂಕುಸಿತದಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಎಷ್ಟು ಕಾಲ ಮುಚ್ಚಿತ್ತೆಂಬುದು ಸುಳ್ಯದ ಕಡೆಯವರಿಗೆ ನೆನಪಿರಬಹುದು. ಶಿರಾಡಿಯ ರಸ್ತೆಗೂ ಸುಬ್ರಹ್ಮಣ್ಯ–ಸಕಲೇಶಪುರ ರೈಲು ಮಾರ್ಗಕ್ಕೂ ಇದೇ ಭಯವಿದೆ. ನವೆಂಬರಿನಿಂದ ಫೆಬ್ರವರಿಯವರೆಗಿನ ತಿಂಗಳುಗಳಲ್ಲಿ ಬೆಳಗಿನ ಹೊತ್ತು ತಂಪಾಗಿರುತ್ತದೆ. ಮಾರ್ಚ್ ಕಳೆದ ಮೇಲೆ ಬಿಸಿಲು ಜೋರು. ನಮ್ಮ ಬೆವರಿಳಿಸುವ ಸೆಕೆಗೆ ಒಗ್ಗಿದವರಿಗೆ ಅಲ್ಲಿಯ ಒಣ ಬಿಸಿಲಿನಲ್ಲಿ ಬಾಯಾರಿದ್ದು ಬೇಗ ತಿಳಿಯುವುದಿಲ್ಲವಾದ್ದರಿಂದ ನೀರಿನ ಬಾಟಲಿ, ಕೊಡೆ ಅಥವಾ ಟೊಪ್ಪಿ ಕೈಯಲ್ಲಿರಲಿ. ದಸರೆಯ ಹತ್ತು ದಿನಗಳಲ್ಲಿ ಎಲ್ಲಿಯೂ ಜನವೋ ಜನ. ರಾಜ ಒಡೆಯರು 1610ರಲ್ಲಿ ಆ ಉತ್ಸವವನ್ನು ಆರಂಭಿಸಿದ್ದು ಶ್ರೀರಂಗಪಟ್ಟಣದಲ್ಲಿಯೇ ಎಂಬ ಕಾರಣಕ್ಕೆ ಈಗ ಅಲ್ಲಿಯೂ ದಸರೆ ನಡೆಯುತ್ತದೆ. ಉತ್ಸವ ನೋಡಲು ಅದು ಸರಿಯಾದ ಕಾಲ, ಚಿತ್ರ ನೋಡಲು ಅಲ್ಲ.

ವಾರದ ದಿನಗಳಲ್ಲಿ ಮಂಗಳವಾರದಿಂದ ಗುರುವಾರದವರೆಗೆ ಯಾವುದನ್ನಾದರೂ ಆರಿಸಿಕೊಳ್ಳಬಹುದು. ಅರಮನೆ ಇರುವುದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಅಧೀನದಲ್ಲಿ. ಆ ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ ಇರುವುದು ವಾಡಿಕೆಯಾದ್ದರಿಂದ ಆ ದಿನವನ್ನು ಬಿಡುವುದು ಜಾಣತನ. ಶನಿವಾರ, ಭಾನುವಾರಗಳಲ್ಲಿ ಬೆಂಗಳೂರಿನ ಕಾರುಗಳೂ ಡಿಸೆಂಬರ್, ಜನವರಿಯ ಎಲ್ಲ ದಿನಗಳಲ್ಲಿ ಶಾಲಾ ಪ್ರವಾಸದ ಬಸ್ಸುಗಳೂ ಸಾಲುಗಟ್ಟುತ್ತವೆ. ಶಾಲೆಯ ಮಕ್ಕಳು ಸಾಮಾನ್ಯವಾಗಿ ಹತ್ತೂವರೆಯ ನಂತರ ಬರುತ್ತಾರೆ. ಬೆಳಗ್ಗೆ 9ಕ್ಕೆ ಬಾಗಿಲು ತೆರೆಯುವಾಗಲೇ ಅಲ್ಲಿದ್ದವರಿಗೆ ಒಂದೂವರೆ ಗಂಟೆಯ ನೆಮ್ಮದಿ ಸಿಗುತ್ತದೆ. ಇದಕ್ಕಾಗಿ ಹಿಂದಿನ ರಾತ್ರಿ ಮೈಸೂರಿನಲ್ಲಿ ಉಳಿಯಬೇಕು. ಬೆಳಗ್ಗೆ ಮೈಸೂರಿನ ನಗರ ಬಸ್ ನಿಲ್ದಾಣದಿಂದ ಬಸ್ಸಿದೆ. ಬೆಂಗಳೂರಿನ ಕಡೆಗೆ ಹೋಗುವ ಪ್ಯಾಸೆಂಜರ್ ರೈಲುಗಳೂ ಶ್ರೀರಂಗಪಟ್ಟಣದಲ್ಲಿ ನಿಲ್ಲುತ್ತವೆ. ರೈಲಿನಲ್ಲಿ ಇಳಿದವರು ನಿಲ್ದಾಣದ ಸಮೀಪದಲ್ಲಿರುವ ಟಿಪ್ಪುವಿನ ಮದ್ದುಗುಂಡಿನ ಮನೆಯನ್ನು ಒಮ್ಮೆ ನೋಡಬಹುದು: ಜೋಡಿ ಹಳಿಗೆ ಅಡ್ಡಿಯಾಗಿದ್ದ ಆ ಕಟ್ಟಡವನ್ನು ಒಡೆಯದೆ, 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿ ಕೂರಿಸಿದ್ದಾರೆ. ಅಲ್ಲಿಂದ ಅರಮನೆಗೆ ಆಟೊ ಹಿಡಿಯುವುದು ಸುಲಭ. ಹತ್ತುವ ಮೊದಲೇ ಬಾಡಿಗೆಯನ್ನು ಮಾತಾಡಿಕೊಳ್ಳಬೇಕು, ಟಿಪ್ಪುವಿನ ಸಮಾಧಿ ಇರುವ ಗುಂಬಜಿಗೂ ಸೇರಿಸಿ ಮಾತಾಡಿದರೆ ಉಳಿತಾಯ.

ಟಿಕೆಟ್ ಕಿಟಕಿಯಲ್ಲಿ ಸರದಿ ಉದ್ದವಿದ್ದರೆ ಮೊಬೈಲಿನಲ್ಲಿಯೇ ಇಲಾಖೆಯ ಟಿಕೆಟ್ ಪಡೆಯಲು ಸಾಧ್ಯ. 15 ವರ್ಷಕ್ಕಿಂತ ಕೆಳಗಿನ ಮಕ್ಕಳಿಗೆ ಶುಲ್ಕವಿಲ್ಲ.

ತೋಟವನ್ನು ಮೊದಲು ನೋಡುವುದು

ಬಾಗಿಲು ದಾಟಿದೊಡನೆ ನೇರವಾಗಿ ಅರಮನೆಯತ್ತ ಹೆಜ್ಜೆ ಹಾಕುವುದು ಎಲ್ಲರ ಸ್ವಭಾವ. ಅದನ್ನು ಹತ್ತು ನಿಮಿಷ ತಡೆಹಿಡಿಯಬೇಕು. ಇದು ಅರಮನೆಗೆ ಅಲಂಕಾರವೆಂದು ಆಮೇಲೆ ಸೇರಿಸಿದ ತೋಟವಲ್ಲ. ತೋಟಕ್ಕಾಗಿ ಕಟ್ಟಿದ ಅರಮನೆ. ಹೆಸರಿನಲ್ಲಿಯೇ ಬಾಗ್, ಎಂದರೆ ತೋಟ, ಇದೆ. ಪರ್ಷಿಯದಿಂದ ಬಂದು ಮೊಗಲರ ಕಾಲದಲ್ಲಿ ನೆಲೆಯೂರಿದ ಚಾರ್‌ಬಾಗ್ ಪದ್ಧತಿಯಲ್ಲಿ, ನೆಲವನ್ನು ನೇರ ದಾರಿಗಳಿಂದ ನಾಲ್ಕು ಪಾಲು ಮಾಡಿ, ನಡುವೆ ಕಟ್ಟಡವನ್ನು ಇಡುತ್ತಾರೆ. ಅಡಿಕೆ ತೋಟದ, ತೆಂಗಿನ ತೋಟದ ನಡುವೆ ಬೆಳೆದ ನಮಗೆ ತೋಟವೆಂದರೆ ಫಸಲು, ನೆರಳು ಮತ್ತು ತೋಡು. ಇಲ್ಲಿ ತೋಟವೆಂದರೆ ಅಳತೆ.

ಆ ಅಳತೆ ಕಾಣಬೇಕಾದರೆ ದಾರಿಯ ಅಂಚಿನಲ್ಲಿ ಅಲ್ಲ, ಸರಿಯಾಗಿ ನಡುವಿನಲ್ಲಿ ನಿಲ್ಲಬೇಕು. ಎರಡೂ ಕಡೆಯ ಕತ್ತರಿಸಿದ ಗಿಡಗಳು, ಹುಲ್ಲುಹಾಸುಗಳು ಒಂದಕ್ಕೊಂದು ಕನ್ನಡಿ ಹಿಡಿದಂತೆ ಜೋಡಿಯಾಗಿ ಹಿಂದಕ್ಕೆ ಸರಿಯುತ್ತ ಹೋಗಿ, ಕೊನೆಯಲ್ಲಿ ಮರಗಳ ಮರೆಯಲ್ಲಿ ತಗ್ಗಾದ ಕಟ್ಟಡವೊಂದು ಕಾಣಿಸುತ್ತದೆ. ಮೈಸೂರಿನ ಅಂಬಾವಿಲಾಸವನ್ನು ಮೊದಲು ನೋಡಿ ಬಂದವರಿಗೆ ಈ ಹಂತದಲ್ಲಿ ನಿರಾಸೆಯಾಗುವುದುಂಟು. ಗೋಪುರವಿಲ್ಲ, ಗುಮ್ಮಟವಿಲ್ಲ, ಸುತ್ತಲೂ ಹಸಿರು ಪರದೆ ಇಳಿಬಿಟ್ಟ, ಎತ್ತರದ ಜಗಲಿಯ ಮೇಲೆ ಕುಳಿತ ಒಂದು ಮನೆ, ಅಷ್ಟೇ. ಬಿಸಿಲನ್ನೂ ಎರಚಲನ್ನೂ ತಡೆದು ಚಿತ್ರಗಳನ್ನು ಕಾಪಾಡುವುದಕ್ಕೆ ಆ ಪರದೆಗಳು ಬೇಕು. ಅವುಗಳಿಂದಾಗಿಯೇ ಹೊರಗಿನಿಂದ ಏನೂ ಕಾಣುವುದಿಲ್ಲ, ಹೊರಗಿನಿಂದ ನೋಡಿ ಹಿಂತಿರುಗುವವರಿಗೆ ಏನೂ ಸಿಗುವುದಿಲ್ಲ.

ಹುಲ್ಲಿನ ಮೇಲೆ ಕುಳಿತು ಬುತ್ತಿ ಬಿಚ್ಚುವುದಕ್ಕೆ ಅವಕಾಶವಿಲ್ಲ. ಹಿರಿಯರು ಜೊತೆಗಿದ್ದರೆ, ಬಾಗಿಲಿನಿಂದ ಅರಮನೆಯವರೆಗೆ ನಡೆಯಬೇಕಾದ ದಾರಿ ಸಣ್ಣದಲ್ಲವೆಂಬುದನ್ನೂ ಜಗಲಿಗೆ ಮೆಟ್ಟಿಲುಗಳಿವೆಯೆಂಬುದನ್ನೂ ಮೊದಲೇ ಲೆಕ್ಕಕ್ಕೆ ತೆಗೆದುಕೊಂಡು, ನೆರಳಿನಲ್ಲಿ ನಿಂತು ನಿಂತು ಸಾಗುವಂತೆ ಸಮಯವನ್ನು ಇಟ್ಟುಕೊಳ್ಳಬೇಕು.

ಗೋಡೆಗಳನ್ನು ಓದುವ ಬಗೆ

ಜಗಲಿಯನ್ನು ಹತ್ತಿದ ಮೇಲೆ ಮೊದಲ ಕೆಲಸ ಸುಮ್ಮನೆ ನಿಲ್ಲುವುದು. ಹೊರಗಿನ ಬಿಸಿಲಿನಿಂದ ಪರದೆಯ ಒಳಗಿನ ಮಬ್ಬಿಗೆ ಕಣ್ಣು ಹೊಂದಿಕೊಳ್ಳಲು ಎರಡು ಮೂರು ನಿಮಿಷ ಬೇಕು. ಆ ನಿಮಿಷಗಳನ್ನು ಕೊಡದವರು ಚಿತ್ರಗಳು ಮಾಸಿಹೋಗಿವೆ ಎಂದು ದೂರುತ್ತ ಇಳಿದು ಹೋಗುತ್ತಾರೆ. ಕಣ್ಣು ತಿಳಿಯಾದಂತೆ ಒಂದೊಂದಾಗಿ ಎಲ್ಲವೂ ಎದ್ದು ಬರುತ್ತವೆ: ಮರದ ಕಂಬಗಳು, ಕಮಾನುಗಳು, ಅವುಗಳ ಮೇಲೆ ಒಂದು ಬೆರಳಿನ ಅಗಲವನ್ನೂ ಖಾಲಿ ಬಿಡದೆ ಹರಡಿರುವ ಹೂವು ಬಳ್ಳಿಗಳು. ನಾಲ್ಕು ಕಡೆಯೂ ಮೊಗಸಾಲೆ, ನಡುವೆ ಸಭಾಂಗಣ, ಮೇಲೆ ಕೆಳಗಿನಿಂದಲೇ ಕಾಣುವ ಉಪ್ಪರಿಗೆಗಳು. ಕಟ್ಟಡದ ಬಹುಭಾಗ ತೇಗದ್ದು. ನಮ್ಮ ಗುತ್ತುಮನೆಗಳ ಚಾವಡಿಯನ್ನು ಬಲ್ಲವರಿಗೆ ಈ ಮರದ ಕಂಬಗಳ ಸಾಲು ಅಪರಿಚಿತವೆನಿಸದು. ಆದರೆ ಚಾವಡಿಯಲ್ಲಿ ಮರವನ್ನು ಕೆತ್ತಿ ಮರವಾಗಿಯೇ ಬಿಟ್ಟಿದ್ದಾರೆ, ಇಲ್ಲಿ ಮರವೇ ಕಾಣದಂತೆ ಬಣ್ಣದಲ್ಲಿ ಮುಚ್ಚಿದ್ದಾರೆ. ಚಾವಣಿಯನ್ನು ನೋಡಲು ಮರೆಯಬಾರದು. ಕುತ್ತಿಗೆ ನೋಯುತ್ತದೆಂದು ಹೆಚ್ಚಿನವರು ತಲೆ ಎತ್ತುವುದೇ ಇಲ್ಲ.

ಮುಖ್ಯವಾದ ಚಿತ್ರಗಳಿರುವುದು ಪಶ್ಚಿಮದ ಗೋಡೆಯ ಹೊರಮೈಯಲ್ಲಿ. ಬೆಳಗಿನ ಹೊತ್ತು ಸೂರ್ಯ ಯಾವ ಕಡೆಗಿದ್ದಾನೆಂದು ನೋಡಿ, ಅದರ ವಿರುದ್ಧ ದಿಕ್ಕಿಗೆ ಸುತ್ತಿಕೊಂಡು ಹೋದರೆ ಅದು ಸಿಗುತ್ತದೆ. ಆ ಗೋಡೆಗೆ ಎರಡು ಪಾಲು. ಬಾಗಿಲಿನ ಬಲಕ್ಕೆ ಹೈದರಾಲಿ ಮತ್ತು ಟಿಪ್ಪು ತಮ್ಮ ಸೈನ್ಯದೊಡನೆ ಮೆರವಣಿಗೆಯಲ್ಲಿ ಸಾಗುತ್ತಿದ್ದಾರೆ: ಆನೆ, ಕುದುರೆ, ಕಾಲಾಳು, ಒಂದರ ಮೇಲೊಂದು ಸಾಲು. ಎಡಕ್ಕೆ ಪೊಲ್ಲಿಲೂರಿನ ಯುದ್ಧ. ಕಾಂಚೀಪುರದ ಸಮೀಪ 1780ರ ಸೆಪ್ಟೆಂಬರ್ 10ರಂದು ಕರ್ನಲ್ ವಿಲಿಯಂ ಬೇಲಿಯ ನೇತೃತ್ವದ ಇಂಗ್ಲಿಷ್ ಪಡೆಯನ್ನು ಮೈಸೂರಿನ ಸೈನ್ಯ ಸುತ್ತುವರಿದು ಸೋಲಿಸಿದ್ದು ಈ ಯುದ್ಧದಲ್ಲಿ.

ಈ ಎಡಪಾಲಿನ ಮುಂದೆ ಕನಿಷ್ಠ ಕಾಲು ಗಂಟೆ ನಿಲ್ಲಬೇಕೆಂದು ಒತ್ತಿ ಹೇಳಬೇಕಾಗಿದೆ. ಮೊದಲು ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದು ಇಡೀ ಚಿತ್ರದ ಚಲನೆಯನ್ನು ಗಮನಿಸಬೇಕು: ಕೆಂಪು ಅಂಗಿಯ ಸಿಪಾಯಿಗಳು ಚೌಕಾಕಾರವಾಗಿ ಒತ್ತೊತ್ತಾಗಿ ನಿಂತಿದ್ದಾರೆ, ಎರಡೂ ಕಡೆಯಿಂದ ಕುದುರೆ ಸವಾರರು ಅವರ ಮೇಲೆ ಮುಗಿಬೀಳುತ್ತಿದ್ದಾರೆ. ಆಮೇಲೆ ಹತ್ತಿರಕ್ಕೆ ಬಂದು, ಆ ಚೌಕದ ಒಳಗೆ ಪಲ್ಲಕ್ಕಿಯಲ್ಲಿ ಕುಳಿತ ಒಬ್ಬನನ್ನು ಹುಡುಕಬೇಕು. ಅವನೇ ಬೇಲಿ, ಗಾಯಗೊಂಡು, ಯುದ್ಧದ ನಡುವೆ ಇದ್ದೂ ಏನನ್ನೂ ಮಾಡಲಾಗದವನು. ಅವನಿರುವ ಕಡೆಯಲ್ಲಿಯೇ ಮದ್ದುಗುಂಡಿನ ಬಂಡಿಯೊಂದು ಸಿಡಿಯುತ್ತಿದೆ. ಮೈಸೂರಿನ ಕಡೆಯ ದಾಳಿಗೆ ಮದ್ದಿನ ಬಂಡಿಗಳು ಸಿಡಿದದ್ದೇ ಆ ದಿನದ ಸೋಲಿಗೆ ತಿರುವು ಕೊಟ್ಟಿತೆಂದು ಯುದ್ಧದ ವರದಿಗಳು ಹೇಳುತ್ತವೆ. ಚಿತ್ರಕಾರನು ಆ ಕ್ಷಣವನ್ನೇ ಹಿಡಿದು ಚಿತ್ರದ ಕೇಂದ್ರದಲ್ಲಿಟ್ಟಿದ್ದಾನೆ. ಇನ್ನು ಮೈಸೂರಿನ ಪಕ್ಷದಲ್ಲಿ, ದುರ್ಬೀನು ಹಿಡಿದು ನೋಡುತ್ತಿರುವ ಫ್ರೆಂಚ್ ಅಧಿಕಾರಿ ಲಾಲಿಯನ್ನು ಗುರುತಿಸಬಹುದು. ಮಕ್ಕಳಿಗೆ ಈ ಮೂರನ್ನು ಹುಡುಕುವ ಆಟವನ್ನು ಹಚ್ಚಿದರೆ, ಪಲ್ಲಕ್ಕಿ, ಸಿಡಿತ ಮತ್ತು ದುರ್ಬೀನನ್ನು ದೊಡ್ಡವರಿಗಿಂತ ಮೊದಲು ಅವರೇ ತೋರಿಸುತ್ತಾರೆ.

ಇಲ್ಲಿಗೆ ಬಂದಾಗ ಮಂಗಳೂರಿನ ಒಪ್ಪಂದವನ್ನು ಮತ್ತೆ ನೆನೆಯಬೇಕು. ಗೋಡೆಯ ಮೇಲಿನ ಈ ಯುದ್ಧದಲ್ಲಿ ಸೆರೆಸಿಕ್ಕ ಇಂಗ್ಲಿಷರನ್ನು ಶ್ರೀರಂಗಪಟ್ಟಣದಲ್ಲಿ ಇಡಲಾಗಿತ್ತು. ಬೇಲಿ 1782ರಲ್ಲಿ ಸೆರೆಯಲ್ಲಿಯೇ ಸತ್ತನು. ಉಳಿದವರಿಗೆ ಬಿಡುಗಡೆ ದೊರೆತದ್ದು 1784ರಲ್ಲಿ, ಮಂಗಳೂರಿನಲ್ಲಿ ಸಹಿ ಬಿದ್ದ ಒಪ್ಪಂದದ ಫಲವಾಗಿ. ಹಾಗೆ ಬಿಡುಗಡೆಯಾದವರಲ್ಲಿ ಡೇವಿಡ್ ಬೇರ್ಡ್ ಎಂಬವನಿದ್ದನು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆ ಹಾಕಿದ ಪಡೆಯ ಮುಂದಾಳು ಅವನೇ. ಟಿಪ್ಪು ಸತ್ತದ್ದು ಆ ದಿನ. ಆದರೆ ಗೆದ್ದ ಪಟ್ಟಣದ ಆಡಳಿತ ಬೇರ್ಡ್‌ಗೆ ದಕ್ಕಲಿಲ್ಲ. ಅದು ಗವರ್ನರ್ ಜನರಲ್‌ನ ತಮ್ಮನಾದ ಆರ್ಥರ್ ವೆಲ್ಲೆಸ್ಲಿಯ ಪಾಲಾಯಿತು. ಮುಂದೆ 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಹೆಸರಾದ ಆ ವೆಲ್ಲೆಸ್ಲಿ ವಾಸಕ್ಕೆ ಆರಿಸಿಕೊಂಡದ್ದು ಇದೇ ದರಿಯಾ ದೌಲತ್ತನ್ನು. ತನ್ನವರ ಸೋಲನ್ನು ಬರೆದ ಗೋಡೆಯ ಪಕ್ಕದಲ್ಲಿಯೇ ವಾಸಿಸಿದ ಅವನು ಆ ಚಿತ್ರಗಳನ್ನು ಅಳಿಸಿಹಾಕದೆ ದುರಸ್ತಿ ಮಾಡಿಸಿದನೆಂಬುದು ಇಲ್ಲಿಯ ಕಥೆಗಳಲ್ಲಿ ಅತ್ಯಂತ ಕುತೂಹಲಕರವಾದದ್ದು.

1850ರ ದಶಕದಲ್ಲಿ, ಆಗಿನ ಗವರ್ನರ್ ಜನರಲ್ ಲಾರ್ಡ್ ಡಾಲ್‌ಹೌಸಿಯ ಆಜ್ಞೆಯಂತೆ ಆ ಚಿತ್ರಗಳನ್ನು ಮತ್ತೊಮ್ಮೆ ಬಳಿದು ಸರಿಪಡಿಸಲಾಯಿತು. ಎಂದರೆ ನಾವು ಈಗ ನೋಡುವುದು ಟಿಪ್ಪುವಿನ ಕಾಲದ ಗೆರೆಯ ಮೇಲೆ ಅವನ ವೈರಿಗಳ ಕಾಲದ ಬಣ್ಣ. ಯಾವ ಮುಖ ಯಾರ ಕುಂಚದ್ದೆಂದು ಬರಿಗಣ್ಣಿನಿಂದ ಬೇರ್ಪಡಿಸಲಾಗದು. ಹಾಗಾಗಿ ಮಾರ್ಗದರ್ಶಿಗಳು ಒಂದೊಂದು ಬಣ್ಣಕ್ಕೂ ಒಂದೊಂದು ರಹಸ್ಯವನ್ನು ಕಟ್ಟಿ ಹೇಳುವಾಗ ವಿನಯದಿಂದ ಕೇಳಿಸಿಕೊಂಡು ಮುಂದೆ ಸಾಗಬಹುದು. ಮಾರ್ಗದರ್ಶಿ ಬೇಕೇ ಬೇಕೆಂದಿಲ್ಲ. ಬೇಕೆನಿಸಿದರೆ ಗುರುತಿನ ಚೀಟಿ ಇರುವವರನ್ನು ಕರೆದುಕೊಂಡು, ಸುರಂಗದ ಕಥೆ ಬೇಡ, ಪಶ್ಚಿಮದ ಗೋಡೆಯನ್ನು ಸಾಲು ಸಾಲಾಗಿ ವಿವರಿಸಿ ಎಂದು ಮೊದಲೇ ಹೇಳುವುದು ಉತ್ತಮ.

ಪೂರ್ವದ ಗೋಡೆಯನ್ನು ಬಹಳಷ್ಟು ಜನ ನೋಡುವುದೇ ಇಲ್ಲ. ಅಲ್ಲಿ ಯುದ್ಧವಿಲ್ಲ, ಐದು ಸಾಲುಗಳಲ್ಲಿ ಅರಸರ ಒಡ್ಡೋಲಗದ ಚಿಕ್ಕ ಚಿಕ್ಕ ಚಿತ್ರಗಳಿವೆ. ತಂಜಾವೂರಿನ ರಾಜ, ಕಾಶಿಯ ರಾಜ, ಪೇಶ್ವೆ ಬಾಲಾಜಿ ರಾವ್, ಮಾಗಡಿಯ ಕೆಂಪೇಗೌಡ, ಚಿತ್ರದುರ್ಗದ ಮದಕರಿ ನಾಯಕ, ಮೈಸೂರಿನ ಕೃಷ್ಣರಾಜ ಒಡೆಯರ್ ಇವರೆಲ್ಲ ಅಲ್ಲಿದ್ದಾರೆ. ದುರ್ಗದ ಕೊನೆಯ ನಾಯಕನನ್ನು 1779ರಲ್ಲಿ ಹೈದರಾಲಿ ಸೋಲಿಸಿ ಇದೇ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ತಂದಿದ್ದನೆಂಬುದು ತಿಳಿದಿದ್ದರೆ, ಆ ಹೆಸರಿನ ಅರಸನೊಬ್ಬ ಗೋಡೆಯ ಮೇಲೆ ಘನತೆಯಿಂದ ಓಲಗದಲ್ಲಿ ಕುಳಿತಿರುವ ಚಿತ್ರಕ್ಕೆ ಬೇರೆಯೇ ತೂಕ ಬರುತ್ತದೆ. ಪೂರ್ವಕ್ಕೆ ಬೆಳಗಿನ ಬೆಳಕು ಚೆನ್ನಾಗಿ ಬೀಳುವುದರಿಂದ, ಒಂಬತ್ತಕ್ಕೆ ಬಂದವರು ಮೊದಲು ಪೂರ್ವದ ಗೋಡೆಯನ್ನು ನೋಡಿ, ಒಳಗಿನ ಸಂಗ್ರಹಾಲಯವನ್ನು ಮುಗಿಸಿ, ಹೊತ್ತು ಏರಿದ ಮೇಲೆ ಪಶ್ಚಿಮಕ್ಕೆ ಬರುವುದು ಅನುಕೂಲ. ಶಾಲಾ ಬಸ್ಸುಗಳ ದಿನವಾದರೆ ಮಾತ್ರ ಈ ಕ್ರಮವನ್ನು ತಿರುಗಿಸಿ ಪಶ್ಚಿಮವನ್ನು ಮೊದಲೇ ಮುಗಿಸಬೇಕು.

ಗೋಡೆಯನ್ನು ಮುಟ್ಟಬಾರದೆಂದು ಫಲಕಗಳಿವೆ. ಮುಟ್ಟದವರೂ ದಣಿದಾಗ ಕಂಬಕ್ಕೆ ಒರಗುತ್ತಾರೆ. ಎಣ್ಣೆ ಹಚ್ಚಿದ ತಲೆ ತಾಗಿದ ಕಡೆ ಬಣ್ಣ ಕಪ್ಪಾಗುತ್ತದೆ. ಫ್ಲ್ಯಾಶ್ ಹಾಕಿ ಫೋಟೊ ತೆಗೆಯಬಾರದು, ಟ್ರೈಪಾಡಿಗೆ ಇಲಾಖೆಯ ಅನುಮತಿ ಬೇಕು, ಸಂಗ್ರಹಾಲಯದೊಳಗೆ ಆ ದಿನದ ನಿಯಮವೇನೆಂದು ಕಾವಲಿನವರನ್ನು ಕೇಳಿಯೇ ಮೊಬೈಲ್ ಹೊರತೆಗೆಯಬೇಕು.

ಒಳಗಿನ ಸಂಗ್ರಹಾಲಯದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ನಾಣ್ಯಗಳು, ಆಯುಧಗಳು, ಶ್ರೀರಂಗಪಟ್ಟಣದ ಹಳೆಯ ನೋಟಗಳ ಮುದ್ರಿತ ಚಿತ್ರಗಳು ಇವೆ. ಇವುಗಳ ನಡುವೆ, ಥಾಮಸ್ ಹಿಕ್ಕಿ ಎಂಬ ಕಲಾವಿದನು ಪೆನ್ಸಿಲಿನಲ್ಲಿ ಬರೆದ ಟಿಪ್ಪುವಿನ ಮಕ್ಕಳ ರೇಖಾಚಿತ್ರಗಳ ಮುಂದೆ ನಿಲ್ಲಲೇಬೇಕು. ಹೊರಗಿನ ಗೋಡೆಯಲ್ಲಿ ನೂರಾರು ಮುಖಗಳು ಒಂದೇ ಅಚ್ಚಿನಲ್ಲಿ ತೆಗೆದಂತಿದ್ದರೆ, ಈ ಕಾಗದಗಳಲ್ಲಿ ಒಬ್ಬೊಬ್ಬ ಹುಡುಗನೂ ಬೇರೆ ಬೇರೆ.

ಗುಂಬಜಿನ ತೋಟ, ಆಮೇಲೆ ಮೈಸೂರು

ಅರಮನೆಯಲ್ಲಿ ಎರಡೂವರೆ ಗಂಟೆ ಕಳೆದ ಮೇಲೆ ಆಟೊದಲ್ಲಿ ಪೂರ್ವದ ಕಡೆ ಗಂಜಾಂಗೆ ಹೋದರೆ ಇನ್ನೊಂದು ಅಳತೆಯ ತೋಟ ಸಿಗುತ್ತದೆ. ಟಿಪ್ಪು ತನ್ನ ತಂದೆಗಾಗಿ ಕಟ್ಟಿಸಿದ ಗುಂಬಜ್ ಇರುವುದು ಅಲ್ಲಿ. ಹೈದರಾಲಿ, ಅವನ ಪತ್ನಿ ಫಕ್ರುನ್ನಿಸಾ ಮತ್ತು ಟಿಪ್ಪು, ಮೂವರ ಸಮಾಧಿಯೂ ಅದರೊಳಗಿದೆ. ಸುತ್ತಲಿನ ಮೊಗಸಾಲೆಯನ್ನು ಹೊತ್ತ 36 ಕಪ್ಪು ಕಲ್ಲಿನ ಕಂಬಗಳ ನಯವನ್ನು ಕಾರ್ಕಳದ, ಮೂಡುಬಿದಿರೆಯ ಕಲ್ಲು ಕೆಲಸ ನೋಡಿ ಬೆಳೆದವರು ಕೂಡ ಮೆಚ್ಚದೆ ಇರಲಾರರು. ದಂತದ ಕುಸುರಿಯುಳ್ಳ ಬಾಗಿಲುಗಳನ್ನು ಕೊಟ್ಟವನು ಡಾಲ್‌ಹೌಸಿ. ಒಳಗೋಡೆಯ ಮೇಲೆ ಹುಲಿಪಟ್ಟೆ. ಇದು ಇಂದಿಗೂ ಜನ ಭಕ್ತಿಯಿಂದ ಬರುವ ಜಾಗವಾದ್ದರಿಂದ ಪಾದರಕ್ಷೆಯನ್ನು ಹೊರಗೆ ಬಿಟ್ಟು, ದನಿ ತಗ್ಗಿಸಿ, ಬೇಗ ನೋಡಿ ಬರುವುದು ಸರಿ. ಮಧ್ಯಾಹ್ನ ಕಲ್ಲಿನ ನೆಲ ಕಾದಿರುತ್ತದೆ. ಕಾಲುಚೀಲ ಇದ್ದರೆ ಒಳ್ಳೆಯದು.

ಊಟಕ್ಕೆ ಮೈಸೂರಿಗೆ ಮರಳಿ, ಮೂರು ಗಂಟೆಯ ಹೊತ್ತಿಗೆ ಅಂಬಾವಿಲಾಸವನ್ನು ಪ್ರವೇಶಿಸಿದರೆ ಎರಡು ಅರಮನೆಗಳನ್ನು ಒಂದೇ ದಿನದಲ್ಲಿ ಹೋಲಿಸಿ ನೋಡುವ ಅವಕಾಶ ಸಿಗುತ್ತದೆ. ಪ್ರವೇಶ ದಕ್ಷಿಣದ ವರಾಹ ದ್ವಾರದಿಂದ, ಸಂಜೆ 5.30ಕ್ಕೆ ಮುಚ್ಚುತ್ತದೆ. ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಬೆಂಕಿಗೆ ಆಹುತಿಯಾದದ್ದರಿಂದ, ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆನ್ರಿ ಇರ್ವಿನ್‌ನ ಕೈಯಲ್ಲಿ ಕಟ್ಟಿಸಿದ ಹೊಸ ಅರಮನೆ 1912ರಲ್ಲಿ ಮುಗಿಯಿತು. ಬೆಂಕಿಯ ಭಯ ಅದರ ಮೈಯಲ್ಲಿಯೇ ಇದೆ: ಗೋಡೆಗೆ ಕಲ್ಲು, ಕಲ್ಯಾಣ ಮಂಟಪದ ಕಂಬಗಳಿಗೆ ಗ್ಲಾಸ್ಗೋದಿಂದ ತರಿಸಿದ ಎರಕದ ಕಬ್ಬಿಣ. ಬೆಳಗ್ಗೆ ನೋಡಿದ ತೇಗದ ಅರಮನೆ ಎರಡು ಶತಮಾನ ದಾಟಿ ಉಳಿದದ್ದು ಎಷ್ಟು ದೊಡ್ಡ ಅದೃಷ್ಟವೆಂಬುದು ಆ ಕಬ್ಬಿಣದ ಕಂಬಗಳ ಬಳಿ ನಿಂತಾಗ ಅರಿವಾಗುತ್ತದೆ. ಕಲ್ಯಾಣ ಮಂಟಪದ ಗೋಡೆಗಳಲ್ಲಿ ದಸರಾ ಮೆರವಣಿಗೆಯ ಚಿತ್ರಗಳಿವೆ. ಅವು ಫೋಟೊಗಳನ್ನು ಎದುರಿಗಿಟ್ಟುಕೊಂಡು ಬರೆದವು, ಆದ್ದರಿಂದ ಪ್ರತಿ ಮುಖವೂ ಒಬ್ಬ ನಿಜವಾದ ವ್ಯಕ್ತಿಯ ಮುಖ. ದರಿಯಾ ದೌಲತ್‌ನ ಮೆರವಣಿಗೆಯನ್ನು ಕಂಡ ದಿನವೇ ಇವನ್ನೂ ಕಂಡರೆ, ಸುಮಾರು ಒಂದೂವರೆ ಶತಮಾನದಲ್ಲಿ ಆಸ್ಥಾನದ ಚಿತ್ರಕಲೆ ಎಲ್ಲಿಂದ ಎಲ್ಲಿಗೆ ಬಂತೆಂಬುದು ಯಾರೂ ಹೇಳಿಕೊಡದೆ ತಿಳಿಯುತ್ತದೆ.

ಭಾನುವಾರ ಮತ್ತು ಸರಕಾರಿ ರಜಾದಿನಗಳಲ್ಲಿ ಸಂಜೆ 7ರಿಂದ ಮುಕ್ಕಾಲು ಗಂಟೆ ಈ ಅರಮನೆಗೆ ಸುಮಾರು ಒಂದು ಲಕ್ಷ ಬಲ್ಬುಗಳ ದೀಪಾಲಂಕಾರವಿರುತ್ತದೆ. ಮಂಗಳವಾರ ಅಥವಾ ಬುಧವಾರ ಹೋದವರಿಗೆ ಅಷ್ಟು ಹೊತ್ತಿನ ದೀಪಾಲಂಕಾರ ಸಿಗದು. ದೀಪಗಳೂ ಬೇಕು, ಗೋಡೆಯ ಮುಂದೆ ನೆಮ್ಮದಿಯೂ ಬೇಕೆನ್ನುವವರು ಭಾನುವಾರ ಸಂಜೆಯ ಹೊತ್ತಿಗೆ ಮೈಸೂರು ತಲುಪಿ, ಸೋಮವಾರ ಮುಂಜಾನೆ ಶ್ರೀರಂಗಪಟ್ಟಣಕ್ಕೆ ಹೋಗಬಹುದು. ಬೃಂದಾವನದ ಕಾರಂಜಿಯನ್ನು ಅದೇ ಸಂಜೆಗೆ ಸೇರಿಸಲು ಹೋಗಬಾರದು. ಕೃಷ್ಣರಾಜಸಾಗರಕ್ಕೆ ಹೋಗಿ ಬರುವುದರಲ್ಲಿಯೇ ದೀಪದ ಹೊತ್ತು ಮೀರುತ್ತದೆ. ಮಂಗಳೂರಿಗೆ ರಾತ್ರಿಯ ಬಸ್ಸನ್ನು ಹಿಡಿಯುವವರು ಹತ್ತು ಗಂಟೆಯ ನಂತರದ ಬಸ್ಸಿಗೆ ಸೀಟು ಮಾಡಿಸಿಕೊಂಡರೆ ಊಟಕ್ಕೂ ಸಮಯ ಸಿಗುತ್ತದೆ, ಬೆಳಗಾಗುವಷ್ಟರಲ್ಲಿ ಪುತ್ತೂರೂ ದಾಟಿರುತ್ತದೆ.